ಕೇಳಿದವರಿಗೆಲ್ಲ ಮದ್ದು: ಜೈಲು, ಅಮಲು ಮತ್ತು ಅಟಿಕಾದ ಒಂದು ಬೇಡಿಕೆ

1

1971ರ ಸೆಪ್ಟೆಂಬರ್ 9ರ ಬೆಳಿಗ್ಗೆ ಅಮೆರಿಕಾದ ನ್ಯೂಯಾರ್ಕ್ ರಾಜ್ಯದ ಅಟಿಕಾ ಜೈಲಿನಲ್ಲಿ ಕೈದಿಗಳು ದಂಗೆ ಎದ್ದರು. ಆಗ ಅಲ್ಲಿದ್ದವರು ಸುಮಾರು 2,200 ಜನ. ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಕಪ್ಪು ಜನ. ಅವರ ಜೊತೆಗೆ ಪೋರ್ಟೊರಿಕೋದಿಂದ ಬಂದ ಬಡವರು. ಕಾವಲಿನವರು ಮಾತ್ರ ಹೆಚ್ಚೂಕಡಿಮೆ ಎಲ್ಲರೂ ಬಿಳಿಯರು. ಕೈದಿಗೆ ವಾರಕ್ಕೊಂದು ಸ್ನಾನ, ಅಷ್ಟೆ. ನಾಲ್ಕು ದಿನ ಜೈಲಿನ ಒಂದು ಅಂಗಳ ಈ ಜನರ ಕೈಯಲ್ಲಿತ್ತು. ಅವರು ಅಲ್ಲಿ ಕೂತು, ಮಾತಾಡಿ, ಒಬ್ಬರ ಮಾತಿಗೊಬ್ಬರು ಕೈಯೆತ್ತಿ ಒಪ್ಪಿಗೆ ಕೊಟ್ಟು, ಬೇಡಿಕೆಗಳ ಪಟ್ಟಿಯೊಂದನ್ನು ಮಾಡಿದರು. ದುಡಿದದ್ದಕ್ಕೆ ನ್ಯಾಯವಾದ ಕೂಲಿ, ಅವರವರ ಧರ್ಮ ಪಾಲಿಸುವ ಹಕ್ಕು, ತಿನ್ನಲಾಗುವಂಥ ಊಟ, ಓದಲು ಪುಸ್ತಕ, ಮುಟ್ಟಿ ನೋಡುವ ಡಾಕ್ಟರು. ಇವುಗಳ ನಡುವೆ ಇನ್ನೊಂದು ಬೇಡಿಕೆ ಇತ್ತು. ಅಮಲಿನ ಚಟಕ್ಕೆ ಬಿದ್ದ ಕೈದಿಗಳಲ್ಲಿ ಯಾರ್‍ಯಾರು ಚಿಕಿತ್ಸೆ ಬೇಕೆಂದು ಕೇಳುತ್ತಾರೋ ಅವರಿಗೆಲ್ಲ ನಿಜವಾಗಿ ಗುಣ ಕೊಡುವ ಚಿಕಿತ್ಸೆ ಸಿಗಬೇಕು ಅನ್ನೋದು ಅದು.

ರಾಜ್ಯದ ಗವರ್ನರ್ ನೆಲ್ಸನ್ ರಾಕ್‌ಫೆಲರ್ ಮಾತುಕತೆಗೆ ಜೈಲಿನ ಬಾಗಿಲಿಗೂ ಬರಲಿಲ್ಲ. ಸೆಪ್ಟೆಂಬರ್ 13ರಂದು ಪೊಲೀಸರು ಗುಂಡು ಹಾರಿಸಿ ಅಂಗಳಕ್ಕೆ ನುಗ್ಗಿದರು. ಆ ಗುಂಡಿಗೆ 29 ಕೈದಿಗಳೂ, ಒತ್ತೆಯಾಗಿದ್ದ 10 ಜನ ಜೈಲು ನೌಕರರೂ ಸತ್ತರು. ಒಟ್ಟು ಆ ದಂಗೆಯಲ್ಲಿ ಸತ್ತವರು 43 ಜನ. ಕನ್ನಡದಲ್ಲಿ ಮದ್ದು ಅನ್ನೋ ಮಾತಿಗೆ ಔಷಧಿ ಅನ್ನೋ ಅರ್ಥವೂ ಇದೆ, ಬಂದೂಕಿಗೆ ತುಂಬುವ ಪುಡಿ ಅನ್ನೋ ಅರ್ಥವೂ ಇದೆ. ಅಟಿಕಾದ ಜನ ಕೇಳಿದ್ದು ಮೊದಲನೆಯದನ್ನು, ಸಿಕ್ಕಿದ್ದು ಎರಡನೆಯದು.

ಮರುವರ್ಷ, 1972ರಲ್ಲಿ, ಬೊಂಬಾಯಿಯಲ್ಲಿ ನಾಮದೇವ ಢಸಾಳ, ಜೆ.ವಿ. ಪವಾರ್, ರಾಜಾ ಢಾಲೆ ಮುಂತಾದ ಹುಡುಗರು ದಲಿತ ಪ್ಯಾಂಥರ್ಸ್ ಕಟ್ಟಿದರು. ಹೆಸರು ಬಂದದ್ದು ಅಮೆರಿಕಾದ ಬ್ಲ್ಯಾಕ್ ಪ್ಯಾಂಥರ್‌ಗಳಿಂದ. ಅಂದಿನಿಂದ ನಮ್ಮ ವಿಮರ್ಶೆ ಕಪ್ಪು ಜನರ ಹೋರಾಟದಿಂದ ಸಿಟ್ಟನ್ನು ತಂದುಕೊಂಡಿದೆ, ನುಡಿಗಟ್ಟನ್ನು ತಂದುಕೊಂಡಿದೆ, ಆತ್ಮಕತೆಯ ಮಾದರಿಯನ್ನೂ ತಂದುಕೊಂಡಿದೆ. ಆದರೆ ಅಟಿಕಾದ ಈ ಚಿಕಿತ್ಸೆಯ ಬೇಡಿಕೆ ಮಾತ್ರ ನಮ್ಮ ಕಡೆ ಬರಲೇ ಇಲ್ಲ. ಬಂಡಾಯದ ಕಥೆ ಹೇಳುವವರಿಗೆ ಅದು ಸಪ್ಪೆ ಅನ್ನಿಸಿರಬೇಕು. ಕೂಲಿ ಕೇಳುವವನು ವೀರ, ಧರ್ಮದ ಹಕ್ಕು ಕೇಳುವವನು ವೀರ. ‘ನನ್ನ ಚಟ ಬಿಡಿಸಿ’ ಅಂತ ಕೇಳುವವನು? ಅವನನ್ನು ಯಾವ ಸಾಲಿಗೆ ಸೇರಿಸೋದು?

ಈ ಲೇಖನ ಆ ಒಂದು ಬೇಡಿಕೆಯ ಹಿಂದು ಮುಂದನ್ನು ಹೇಳುತ್ತದೆ. ಬಂದೂಕಿನ ಎದುರು ಕೂತ ಜನ ಅದನ್ನು ಯಾಕೆ ಕೇಳಿದರು ಅನ್ನೋದು ತಿಳಿದರೆ, ದಲಿತ ವಿಮರ್ಶೆ ಇಷ್ಟು ದಿನ ಮಾತಾಡದೆ ಬಿಟ್ಟಿರುವ ಮನುಷ್ಯನೊಬ್ಬ ಕಣ್ಣಿಗೆ ಬೀಳುತ್ತಾನೆ.

2

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕಾದಲ್ಲಿ ಅಫೀಮು, ಮಾರ್ಫಿನ್‌ಗಳ ಚಟಕ್ಕೆ ಸಿಕ್ಕವರಲ್ಲಿ ದೊಡ್ಡ ಪಾಲು ಮಧ್ಯಮ ವರ್ಗದ ಬಿಳಿ ಹೆಂಗಸರು. ಡಾಕ್ಟರುಗಳೇ ನೋವಿಗೆಂದು ಕೊಟ್ಟು ಅಂಟಿಸಿದ ಚಟ ಅದು. ಅವರನ್ನು ಯಾರೂ ಜೈಲಿಗೆ ಕಳಿಸಲಿಲ್ಲ. ಅವರು ಪಾಪ, ರೋಗಿಗಳು. ಅದೇ ಹೊತ್ತಿನಲ್ಲಿ, 1875ರಲ್ಲಿ, ಸ್ಯಾನ್‌ಫ್ರಾನ್ಸಿಸ್ಕೋ ನಗರ ಅಫೀಮು ಸೇದುವ ಅಡ್ಡೆಗಳನ್ನು ನಿಷೇಧಿಸಿತು. ಯಾಕೆಂದರೆ ಸೇದುತ್ತಿದ್ದವರು ರೈಲುಹಳಿ ಹಾಕಲು ಬಂದ ಚೀನೀ ಕೂಲಿಗಳು. ಅಫೀಮು ಎರಡೂ ಕಡೆ ಅಫೀಮೇ. ಬಾಟಲಿಯಿಂದ ಕುಡಿದವಳು ರೋಗಿ, ಕೊಳವೆಯಿಂದ ಸೇದಿದವನು ಅಪರಾಧಿ.

1914ರ ಡಿಸೆಂಬರಿನಲ್ಲಿ ಹ್ಯಾರಿಸನ್ ಕಾಯಿದೆ ಬಂತು. ಅದಕ್ಕೆ ಮುಂಚಿನ ವರ್ಷಗಳಲ್ಲಿ ಪತ್ರಿಕೆಗಳು ದಕ್ಷಿಣದ ಕಪ್ಪು ಜನ ಕೊಕೇನ್ ಸೇವಿಸಿ ಹುಚ್ಚೆದ್ದು ಬಿಳಿಯರ ಮೇಲೆ ಬೀಳುತ್ತಾರೆ ಎಂಬ ಭೀತಿಯ ಕತೆಗಳನ್ನು ಸಾಕಷ್ಟು ಹಬ್ಬಿಸಿದ್ದವು. ಕಾಯಿದೆ ಮೇಲ್ನೋಟಕ್ಕೆ ತೆರಿಗೆಯ ಕಾಯಿದೆ. ಆದರೆ 1919ರಲ್ಲಿ ವೆಬ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಕೊಟ್ಟ ತೀರ್ಪಿನಿಂದ, ಚಟಸ್ಥನೊಬ್ಬ ನರಳದಿರಲಿ ಎಂದು ಡಾಕ್ಟರು ಮಾರ್ಫಿನ್ ಬರೆದುಕೊಟ್ಟರೆ ಅದು ವೈದ್ಯವೃತ್ತಿಯೇ ಅಲ್ಲ ಎಂದಾಯಿತು. ಆಗ ಹಲವು ನಗರಗಳು ಇಂಥವರಿಗಾಗಿ ಕ್ಲಿನಿಕ್ಕುಗಳನ್ನು ತೆರೆದವು. ಸರ್ಕಾರ ಅವನ್ನೂ ಒಂದೊಂದಾಗಿ ಮುಚ್ಚಿಸಿತು. ಲೂಸಿಯಾನಾದ ಶ್ರೀವ್‌ಪೋರ್ಟಿನ ಕ್ಲಿನಿಕ್ಕು 1923ರಲ್ಲಿ ಬಾಗಿಲು ಹಾಕಿತು. ಡಾಕ್ಟರ ಬಾಗಿಲು ಮುಚ್ಚಿದ ಮೇಲೆ ಉಳಿದದ್ದು ಕಳ್ಳಮಾಲಿನವನ ಬಾಗಿಲು, ಅದಾದ ಮೇಲೆ ಜೈಲಿನದು. 1920ರ ದಶಕ ಮುಗಿಯುವ ಹೊತ್ತಿಗೆ ಕೇಂದ್ರ ಸರ್ಕಾರದ ಜೈಲುಗಳಲ್ಲಿದ್ದವರಲ್ಲಿ ಮೂರನೇ ಒಂದು ಪಾಲು ಜನ ಈ ಮಾದಕವಸ್ತು ಕಾಯಿದೆಯಲ್ಲಿ ಸಿಕ್ಕಿಬಿದ್ದವರೇ.

ಜಾತಿಯನ್ನು ಬಲ್ಲ ನಮಗೆ ಇದರಲ್ಲಿ ಹೊಸದೇನೂ ಇಲ್ಲ. ತಪ್ಪು ಯಾವುದು ಅಂತ ಮೊದಲು ತೀರ್ಮಾನಿಸಿ ಆಮೇಲೆ ತಪ್ಪಿತಸ್ಥನನ್ನು ಹುಡುಕೋದು ಶಾಸ್ತ್ರಗಳ ಕ್ರಮವಲ್ಲ. ಮನುಷ್ಯ ಯಾರು ಅಂತ ನೋಡಿ ಆಮೇಲೆ ತಪ್ಪನ್ನು ತೂಗುವುದು ಅವುಗಳ ಕ್ರಮ. ಅಮೆರಿಕಾದ ಅಮಲಿನ ಕಾನೂನು ಇದೇ ತಕ್ಕಡಿ ಹಿಡಿಯಿತು.

3

ಜೈಲುಗಳು ತುಂಬಿ ತುಳುಕಿದಾಗ 1929ರಲ್ಲಿ ಪೋರ್ಟರ್ ಕಾಯಿದೆ ತಂದು, ಚಟದ ಕೈದಿಗಳಿಗಾಗಿ ಎರಡು ಬೇರೆ ಸಂಸ್ಥೆಗಳನ್ನು ಕಟ್ಟಲು ಸರ್ಕಾರ ಒಪ್ಪಿತು. ಮೊದಲನೆಯದು ಕೆಂಟಕಿ ರಾಜ್ಯದ ಲೆಕ್ಸಿಂಗ್ಟನ್ ಹತ್ತಿರ ಸಾವಿರ ಎಕರೆ ಹೊಲದ ನಡುವೆ 1935ರಲ್ಲಿ ತೆರೆಯಿತು. ಎರಡನೆಯದು ಟೆಕ್ಸಾಸಿನ ಫೋರ್ಟ್‌ವರ್ತಿನಲ್ಲಿ, 1938ರಲ್ಲಿ. ಲೆಕ್ಸಿಂಗ್ಟನ್ನಿನದಕ್ಕೆ ಇದ್ದ ಹೆಸರು ‘ನಾರ್ಕೋಟಿಕ್ ಫಾರ್ಮ್’. ಕೈದಿಗಳಷ್ಟೇ ಅಲ್ಲ, ತಾವಾಗಿ ಬಂದು ಸೇರಿಕೊಳ್ಳುವವರಿಗೂ ಅಲ್ಲಿ ಜಾಗ ಇತ್ತು. ಹಾಲು ಕರೆಯೋದು, ಹೊಲ ಉಳೋದು, ಬಟ್ಟೆ ಹೊಲಿಯೋದು, ಹಾಡು, ಬ್ಯಾಂಡು. ಜಾಝ್ ಸಂಗೀತದ ದೊಡ್ಡ ಹೆಸರುಗಳಲ್ಲಿ ಕೆಲವರು ಅಲ್ಲಿ ದಿನ ಕಳೆದವರು. ಸ್ಯಾಕ್ಸೊಫೋನ್ ವಾದಕ ಸನ್ನಿ ರೋಲಿನ್ಸ್ 1950ರ ದಶಕದಲ್ಲಿ ಅಲ್ಲಿಗೆ ಹೋಗಿ ಹೆರಾಯಿನ್ ಬಿಟ್ಟು ಬಂದರು. ಅಂಥವರೂ ಇದ್ದರು, ಇಲ್ಲ ಅನ್ನೋ ಹಾಗಿಲ್ಲ.

ಉಳಿದವರ ಗತಿ ಬೇರೆ. ಲೆಕ್ಸಿಂಗ್ಟನ್ನಿನಿಂದ ಹೊರಬಂದು ನ್ಯೂಯಾರ್ಕಿಗೆ ಮರಳಿದ 1,912 ಜನರನ್ನು ಹಿಂಬಾಲಿಸಿ ಮಾಡಿದ ಅಧ್ಯಯನವೊಂದು 1962ರಲ್ಲಿ ಪ್ರಕಟವಾಯಿತು. ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಜನ ಮತ್ತೆ ಚಟಕ್ಕೆ ಬಿದ್ದಿದ್ದರು. ಇದಕ್ಕೆ ಕಾರಣವನ್ನು ಅಲ್ಲಿನ ವಿಜ್ಞಾನಿ ಏಬ್ರಹಾಂ ವಿಕ್ಲರ್ ಆಗಲೇ ಹೇಳಿದ್ದರು. ಮೈಯಿಂದ ಮದ್ದು ಇಳಿದುಹೋದರೂ, ಹಳೆಯ ಬೀದಿ, ಹಳೆಯ ಮೆಟ್ಟಿಲು, ಹಳೆಯ ಗೆಳೆಯನ ಮುಖ ಕಂಡೊಡನೆ ಆ ಮೈ ಮತ್ತೆ ನಡುಗತೊಡಗುತ್ತದೆ, ಬಯಕೆ ಕೆರಳುತ್ತದೆ. ಅಂದರೆ ಹೊಲದ ನಡುವೆ ಗುಣವಾದವನನ್ನು ಅದೇ ಕೇರಿಗೆ, ಅದೇ ನಿರುದ್ಯೋಗಕ್ಕೆ ಬಿಟ್ಟುಬಂದರೆ ಗುಣ ಉಳಿಯೋದಿಲ್ಲ. ಇಷ್ಟು ತಿಳಿದ ಮೇಲೂ ವ್ಯವಸ್ಥೆ ಬದಲಾಯಿಸಲು ಹೊರಟದ್ದು ಕೈದಿಯನ್ನೇ ಹೊರತು ಕೇರಿಯನ್ನಲ್ಲ.

ಇನ್ನೊಂದು ಸಂಗತಿ ಇದಕ್ಕಿಂತ ಕಹಿ. ಆ ಫಾರ್ಮಿನೊಳಗೆ ಒಂದು ಸಂಶೋಧನಾ ಕೇಂದ್ರ ಇತ್ತು. ಹ್ಯಾರಿಸ್ ಇಸ್ಬೆಲ್ ಅದರ ಮುಖ್ಯಸ್ಥ. 1950ರ ದಶಕದಲ್ಲಿ ಸಿಐಎ ಹಣದಿಂದ ಅಲ್ಲಿ ಕೈದಿಗಳ ಮೇಲೆ ಎಲ್‌ಎಸ್‌ಡಿ ಪ್ರಯೋಗ ನಡೆಯಿತು. ಏಳು ಜನಕ್ಕೆ ಸತತವಾಗಿ 77 ದಿನ ಎಲ್‌ಎಸ್‌ಡಿ ಕೊಟ್ಟರು. ಪ್ರಯೋಗಕ್ಕೆ ಮೈ ಒಡ್ಡಿದವರಲ್ಲಿ ಬಹಳಷ್ಟು ಜನ ಕಪ್ಪು ಕೈದಿಗಳು. ಅದಕ್ಕೆ ಕೊಡುತ್ತಿದ್ದ ಕೂಲಿ ಏನು ಗೊತ್ತೆ? ಶಿಕ್ಷೆಯಲ್ಲಿ ಒಂದಷ್ಟು ದಿನ ಕಡಿತ, ಇಲ್ಲವೇ ಮಾರ್ಫಿನ್. ಚಟ ಬಿಡಿಸುವ ಆಸ್ಪತ್ರೆಯೊಳಗೆ, ಸರ್ಕಾರದ ಕೈಯಿಂದ, ಸಂಬಳವಾಗಿ ಮಾರ್ಫಿನ್! 1975ರಲ್ಲಿ ಸೆನೆಟ್ ವಿಚಾರಣೆಯಲ್ಲಿ ಇದೆಲ್ಲ ಬಯಲಿಗೆ ಬಂತು. ಅಷ್ಟರಲ್ಲಿ, 1974ರಲ್ಲೇ, ಲೆಕ್ಸಿಂಗ್ಟನ್ ಸಂಸ್ಥೆ ಮಾಮೂಲಿ ಜೈಲಾಗಿ ಬದಲಾಗಿಹೋಗಿತ್ತು.

ಹಾಗಾದರೆ ಲೆಕ್ಸಿಂಗ್ಟನ್ನಿನ ಮನುಷ್ಯ ಕೈದಿಯೋ, ರೋಗಿಯೋ? ಓಡಿಹೋಗುವಂತಿಲ್ಲ, ಆದ್ದರಿಂದ ಕೈದಿ. ಬಿಳಿ ಕೋಟಿನವರು ಬಂದು ನಾಡಿ ನೋಡುತ್ತಾರೆ, ಆದ್ದರಿಂದ ರೋಗಿ. ನಿಜ ಹೇಳಬೇಕೆಂದರೆ ಅವನು ಎರಡೂ ಅಲ್ಲ. ಅವನು ಸಾಮಗ್ರಿ.

4

ಇದೇ ಲೆಕ್ಸಿಂಗ್ಟನ್ನಿನಲ್ಲಿ 1940ರ ದಶಕದಲ್ಲಿ ಕೆಲಸ ಮಾಡಿ, ಅಲ್ಲಿನ ರೀತಿ ಕಂಡು ಬೇಸತ್ತ ಡಾಕ್ಟರೊಬ್ಬರಿದ್ದರು, ಮೇರಿ ನಿಸ್ವಾಂಡರ್. ಮುಂದೆ ಅವರು ವಿನ್ಸೆಂಟ್ ಡೋಲ್ ಎಂಬ ಡಾಕ್ಟರ ಜೊತೆ ಸೇರಿ 1964ರಲ್ಲಿ ನ್ಯೂಯಾರ್ಕಿನಲ್ಲಿ ಮೆಥಡೋನ್ ಚಿಕಿತ್ಸೆ ಆರಂಭಿಸಿದರು. ಮೆಥಡೋನ್ ಕೂಡ ಅಫೀಮಿನ ಗುಂಪಿಗೆ ಸೇರಿದ ಮದ್ದೇ. ದಿನಕ್ಕೊಮ್ಮೆ ಕುಡಿದರೆ ಸಾಕು. ಸರಿಯಾದ ಪ್ರಮಾಣದಲ್ಲಿ ಕೊಟ್ಟರೆ ಅಮಲೇರುವುದಿಲ್ಲ, ಮೈ ಹಿಂಡುವ ನೋವೂ ಬರುವುದಿಲ್ಲ, ಹೆರಾಯಿನ್ ಹುಡುಕಿಕೊಂಡು ಬೀದಿಗೆ ಬೀಳುವ ತುರ್ತು ಇರುವುದಿಲ್ಲ. ಸಕ್ಕರೆ ಕಾಯಿಲೆಯವನು ಇನ್ಸುಲಿನ್ ತೆಗೆದುಕೊಳ್ಳುವ ಹಾಗೆ ಇದನ್ನು ತೆಗೆದುಕೊಂಡು ಮನುಷ್ಯ ಕೆಲಸಕ್ಕೆ ಹೋಗಬಹುದು, ಮಕ್ಕಳನ್ನು ಸಾಕಬಹುದು.

ಡೋಲ್ ಇದನ್ನು ಜೈಲಿಗೂ ಒಯ್ದರು. 1969ರಲ್ಲಿ ಪ್ರಕಟವಾದ ಅವರ ಅಧ್ಯಯನ ಚಿಕ್ಕದು. ಮತ್ತೆ ಮತ್ತೆ ಜೈಲಿಗೆ ಬರುತ್ತಿದ್ದ ಹೆರಾಯಿನ್ ಚಟದವರಲ್ಲಿ ಚೀಟಿ ಎತ್ತಿ 12 ಜನರನ್ನು ಆರಿಸಿ, ಬಿಡುಗಡೆಗೆ ಮುಂಚೆಯೇ ಮೆಥಡೋನ್ ಶುರುಮಾಡಿ, ಹೊರಗೆ ಹೋದ ಮೇಲೂ ಮುಂದುವರಿಸಿದರು. ಅಂಥದೇ ಸ್ಥಿತಿಯ ಇನ್ನೂ 16 ಜನಕ್ಕೆ ಅದು ಸಿಗಲಿಲ್ಲ. ಆ ಹದಿನಾರೂ ಜನ ಹೆರಾಯಿನ್ನಿಗೆ ಮರಳಿದರು. ಮದ್ದು ಸಿಕ್ಕವರಲ್ಲಿ ಒಬ್ಬನೂ ಹಳೆಯ ನಿತ್ಯದ ಚಟಕ್ಕೆ ಮರಳಲಿಲ್ಲ. ಲೆಕ್ಸಿಂಗ್ಟನ್ನಿನ ನೂರಕ್ಕೆ ತೊಂಬತ್ತರ ಪಕ್ಕದಲ್ಲಿ ಇದನ್ನಿಟ್ಟು ನೋಡಬೇಕು.

ಆದರೂ ಕಪ್ಪು ಜನರ ಹೋರಾಟಗಾರರಲ್ಲಿ ಬಹಳ ಜನ ಮೆಥಡೋನನ್ನು ನಂಬಲಿಲ್ಲ. ಹೆರಾಯಿನ್ ಎಂಬ ಹಗ್ಗ ಬಿಚ್ಚಿ ಸರ್ಕಾರಿ ಹಗ್ಗ ಕಟ್ಟುತ್ತಿದ್ದಾರೆ, ದಿನಾ ಬಂದು ಸಾಲಿನಲ್ಲಿ ನಿಲ್ಲುವ ಗುಲಾಮರನ್ನು ಮಾಡುತ್ತಿದ್ದಾರೆ ಅನ್ನೋದು ಅವರ ವಾದ. ಬ್ಲ್ಯಾಕ್ ಪ್ಯಾಂಥರ್ ಮೈಕೆಲ್ ಟೇಬರ್ ಬರೆದ ಕಿರುಹೊತ್ತಗೆಯೊಂದು ಬಂಡವಾಳಶಾಹಿಗೆ ಮಾದಕವಸ್ತು ಸೇರಿದರೆ ಜನಾಂಗಹತ್ಯೆ ಎಂದು ಲೆಕ್ಕ ಹಾಕಿತ್ತು. ಈ ಅನುಮಾನ ಹುಚ್ಚಲ್ಲ. ಲೆಕ್ಸಿಂಗ್ಟನ್ ಕಂಡ ಜನ ಅವರು. ಅಲಬಾಮಾದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ಕಪ್ಪು ಗಂಡಸರ ಸಿಫಿಲಿಸ್ ರೋಗಕ್ಕೆ ಮದ್ದು ಕೊಡದೆ ಸಾಯುವುದನ್ನು ಬರೆದಿಟ್ಟುಕೊಂಡ ಸರ್ಕಾರ ಅದು. ಅಂಥ ಸರ್ಕಾರದ ಕೈಯಿಂದ ಒಂದು ಲೋಟ ಏನಾದರೂ ಬಂದರೆ ಯಾರು ತಾನೇ ಕಣ್ಣು ಮುಚ್ಚಿ ಕುಡಿಯುತ್ತಾರೆ?

ಆ ಅನುಮಾನದಿಂದಲೇ ಒಂದು ಹೊಸ ದಾರಿಯೂ ಹುಟ್ಟಿತು. ನ್ಯೂಯಾರ್ಕಿನ ದಕ್ಷಿಣ ಬ್ರಾಂಕ್ಸಿನ ಲಿಂಕನ್ ಆಸ್ಪತ್ರೆಯನ್ನು ಸುತ್ತಲಿನ ಜನ ಕಟುಕರ ಅಂಗಡಿ ಅನ್ನುತ್ತಿದ್ದರು. 1970ರ ಜುಲೈನಲ್ಲಿ ‘ಯಂಗ್ ಲಾರ್ಡ್ಸ್’ ಎಂಬ ಪೋರ್ಟೊರಿಕೋ ಯುವಕರ ಸಂಘಟನೆ ಅದರ ಕಟ್ಟಡವೊಂದನ್ನು ಒಂದು ದಿನ ವಶಪಡಿಸಿಕೊಂಡಿತು. ನವೆಂಬರಿನಲ್ಲಿ ಅವರು, ಬ್ಲ್ಯಾಕ್ ಪ್ಯಾಂಥರ್‌ಗಳು, ಆಸ್ಪತ್ರೆಯ ನೌಕರರು, ಜೊತೆಗೆ ಚಟಕ್ಕೆ ಬಿದ್ದವರೇ ಸೇರಿ ಅಲ್ಲಿ ಚಟ ಬಿಡಿಸುವ ಕೇಂದ್ರ ತೆರೆದರು. ಜನ ಅದನ್ನು ಲಿಂಕನ್ ಡಿಟಾಕ್ಸ್ ಎಂದು ಕರೆದರು. ಮೆಥಡೋನನ್ನು ಅಲ್ಲಿ ಬಿಸಾಕಲಿಲ್ಲ. ಕೆಲವು ದಿನ ಕೊಟ್ಟು, ಪ್ರಮಾಣ ಇಳಿಸುತ್ತಾ ನಿಲ್ಲಿಸುತ್ತಿದ್ದರು. ಅದರ ಜೊತೆಗೆ ಪಾಠ: ಈ ಹೆರಾಯಿನ್ ನಮ್ಮ ಬೀದಿಗೆ ಹೇಗೆ ಬಂತು, ಯಾಕೆ ಬಂತು, ಲಾಭ ಯಾರಿಗೆ? ಮುಂದೆ ಚೀನೀ ಪದ್ಧತಿಯ ಅಕ್ಯುಪಂಕ್ಚರ್ ಕಲಿತು ಕಿವಿಗೆ ಸೂಜಿ ಚುಚ್ಚಿ ನೋವಿಳಿಸತೊಡಗಿದರು. ರ್‍ಯಾಪ್ ಹಾಡುಗಾರ ಟುಪಾಕ್ ಶಕೂರನ ಮಲತಂದೆ ಮುತುಲು ಶಕೂರ್ ಆ ಕೆಲಸದ ಮುಂದಾಳುಗಳಲ್ಲೊಬ್ಬ. 1978ರಲ್ಲಿ ನಗರಾಡಳಿತ ಪೊಲೀಸರನ್ನು ಕರೆತಂದು ಆ ಗುಂಪನ್ನು ಅಲ್ಲಿಂದ ಎಬ್ಬಿಸಿತು.

5

ಈಗ ಅಟಿಕಾಕ್ಕೆ ಮರಳೋಣ. ಆ ಅಂಗಳದಲ್ಲಿ ಕೂತಿದ್ದವರಿಗೆ ಮೆಥಡೋನ್ ಬಂದಿರೋದು ಗೊತ್ತಿತ್ತು, ಅದರ ಮೇಲಿನ ಅನುಮಾನವೂ ಗೊತ್ತಿತ್ತು. ಅನೇಕರು ನ್ಯೂಯಾರ್ಕ್ ನಗರದಿಂದ ಬಂದವರು. ಹಾಗಿದ್ದೂ ಅವರು ಚಿಕಿತ್ಸೆ ಬೇಡ ಅನ್ನಲಿಲ್ಲ. ಎಲ್ಲರಿಗೂ ಕಡ್ಡಾಯ ಮಾಡಿ ಅಂತಲೂ ಹೇಳಲಿಲ್ಲ. ಅವರ ಬೇಡಿಕೆಯಲ್ಲಿ ಎರಡು ಷರತ್ತುಗಳಿವೆ. ಒಂದು, ಚಿಕಿತ್ಸೆ ನಾಟಕವಾಗಬಾರದು, ಗುಣ ಕೊಡಬೇಕು. ಎರಡು, ಕೇಳಿದವರಿಗೆ ಸಿಗಬೇಕು. ಕೇಳುವ ಹಕ್ಕು ಕೈದಿಯದು. ಲೆಕ್ಸಿಂಗ್ಟನ್ನಿನ ಡಾಕ್ಟರುಗಳಿಗೂ, ಕ್ರಾಂತಿ ಆದ ಮೇಲೆ ಚಟ ತಾನಾಗಿ ಹೋಗುತ್ತೆ ಅಂದವರಿಗೂ ಒಟ್ಟಿಗೆ ಕೊಟ್ಟ ಉತ್ತರ ಇದು. ಇಷ್ಟು ಸ್ಪಷ್ಟವಾದ ಮಾತನ್ನು ಆ ಕಾಲದ ಯಾವ ಪಂಡಿತರೂ ಆಡಿದಂತಿಲ್ಲ. ಆಡಿದವರು ಕೈದಿಗಳು.

ಉತ್ತರವಾಗಿ ಬಂದದ್ದೇನು? ಅಟಿಕಾದ ಬಾಗಿಲಿಗೆ ಬಾರದ ಅದೇ ರಾಕ್‌ಫೆಲರ್ 1973ರಲ್ಲಿ ಹೊಸ ಕಾನೂನು ತಂದರು. ಒಂದು ಔನ್ಸ್ ಹೆರಾಯಿನ್ ಮಾರಿದವನಿಗೆ, ಎರಡು ಔನ್ಸ್ ಇಟ್ಟುಕೊಂಡವನಿಗೆ ಕನಿಷ್ಠ 15 ವರ್ಷ, ಗರಿಷ್ಠ ಜೀವಾವಧಿ. ಒಂದು ಔನ್ಸ್ ಅಂದರೆ 28 ಗ್ರಾಂ ಚಿಲ್ಲರೆ. ಈ ಕಾನೂನಿನಡಿ ಜೈಲು ಸೇರಿದವರಲ್ಲಿ ಬಹುಪಾಲು ಕಪ್ಪು ಜನ ಮತ್ತು ಲ್ಯಾಟಿನೋಗಳು. ಇಲ್ಲೊಂದು ಮಾತು ಮುಚ್ಚಿಡಬಾರದು. ಕಳ್ಳತನ, ಸುಲಿಗೆಗಳಿಂದ ರೋಸಿಹೋದ ಹಾರ್ಲೆಂನ ಕೆಲವು ಕಪ್ಪು ಪಾದ್ರಿಗಳೂ ಮರ್ಯಾದಸ್ಥರೂ ಆಗ ಕಠಿಣ ಶಿಕ್ಷೆಯನ್ನೇ ಕೇಳಿದ್ದರು. ತಮ್ಮ ಕೇರಿಯ ಮಗನನ್ನೇ ತಮ್ಮವನಲ್ಲ ಎಂದು ಹೊರಗಿಟ್ಟ ಮಾತು ಅದು. ಈ ಮಾತಿಗೆ ಆಮೇಲೆ ಬರುತ್ತೇನೆ.

1986ರಲ್ಲಿ ಕೇಂದ್ರದ ಕಾಯಿದೆ ಬಂತು. ಕಪ್ಪು ಜನರ ಬೀದಿಯಲ್ಲಿ ಮಾರುತ್ತಿದ್ದ ಕ್ರ್ಯಾಕ್ 5 ಗ್ರಾಂ ಸಿಕ್ಕರೆ ಐದು ವರ್ಷ. ಶ್ರೀಮಂತರ ಪಾರ್ಟಿಗಳಲ್ಲಿ ಓಡಾಡುತ್ತಿದ್ದ ಕೊಕೇನ್ ಪುಡಿಯಾದರೆ ಅದೇ ಐದು ವರ್ಷಕ್ಕೆ 500 ಗ್ರಾಂ ಸಿಗಬೇಕು. ವಸ್ತು ಒಂದೇ, ಮೂಲ ಒಂದೇ. ಒಂದಕ್ಕೆ ನೂರರ ಈ ಲೆಕ್ಕವನ್ನು 2010ರಲ್ಲಿ ಒಂದಕ್ಕೆ ಹದಿನೆಂಟಕ್ಕೆ ಇಳಿಸಿದರು. ಸಮ ಮಾಡಲಿಲ್ಲ.

1989ರಲ್ಲಿ ಮಯಾಮಿಯಲ್ಲಿ ಮೊದಲ ಡ್ರಗ್ ಕೋರ್ಟ್ ಶುರುವಾಯಿತು. ಜೈಲಿಗೆ ಬದಲು ಚಿಕಿತ್ಸೆ, ವಾರವಾರ ನ್ಯಾಯಾಧೀಶರ ಮುಂದೆ ಹಾಜರಿ, ಮೂತ್ರ ಪರೀಕ್ಷೆ, ತಪ್ಪಿದರೆ ಜೈಲು. ಇಂದು ಆ ದೇಶದಲ್ಲಿ ಇಂಥ 3,000ಕ್ಕೂ ಹೆಚ್ಚು ಕೋರ್ಟುಗಳಿವೆ. ಜೈಲಿಗಿಂತ ಇದು ಮೇಲು, ಸಂಶಯವಿಲ್ಲ. ಆದರೆ ಮಯಾಮಿಯ ಕೋರ್ಟು ಬಳಸಿದ ಚಿಕಿತ್ಸೆಗಳಲ್ಲಿ ಒಂದು ಕಿವಿಯ ಅಕ್ಯುಪಂಕ್ಚರ್. ಲಿಂಕನ್ ಆಸ್ಪತ್ರೆಯಲ್ಲಿ ಬೆಳೆದದ್ದೇ ಅದು! ಪ್ಯಾಂಥರ್‌ಗಳೂ ಯಂಗ್ ಲಾರ್ಡ್‌ಗಳೂ ತೆರೆದ ಜಾಗದಿಂದ ಸೂಜಿಯನ್ನು ಮಾತ್ರ ಎತ್ತಿಕೊಂಡು, ಪಾಠವನ್ನು ಅಲ್ಲೇ ಬಿಟ್ಟು, ನ್ಯಾಯಾಧೀಶರ ಮೇಜಿನ ಮೇಲೆ ಇಟ್ಟರು. ಸೂಜಿಯಿಂದಲೇ ಕೊಕೇನ್ ಚಟ ಹೋಗುವುದಿಲ್ಲ ಎಂದು 2002ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯೊಂದು ತೋರಿಸಿತು. ಲಿಂಕನ್ನಿನಲ್ಲಿ ಗುಣ ಕೊಟ್ಟದ್ದು ಸೂಜಿಯೋ, ‘ನೀನು ಕಸವಲ್ಲ’ ಎಂದು ಹೇಳುವ ಜನರ ಜೊತೆಗಿದ್ದದ್ದೋ ಅನ್ನೋ ಪ್ರಶ್ನೆಯನ್ನು ಯಾವ ಪರೀಕ್ಷೆ ಅಳೆಯುತ್ತದೆ?

ಅದೇ ಹೊತ್ತಿನಲ್ಲಿ, ನಿಜವಾಗಿ ಗುಣ ಕೊಡುವ ಮೆಥಡೋನನ್ನು ಎಷ್ಟೋ ಡ್ರಗ್ ಕೋರ್ಟುಗಳು ನಿಷೇಧಿಸಿದ್ದವು. ಮದ್ದು ತೆಗೆದುಕೊಂಡರೆ ನೀನಿನ್ನೂ ಶುದ್ಧನಾಗಿಲ್ಲ ಅನ್ನುವ ಧೋರಣೆ. ಡಾಕ್ಟರು ಬರೆದುಕೊಟ್ಟ ಮದ್ದನ್ನು ಕೋರ್ಟು ನಿಲ್ಲಿಸುವಂತಿಲ್ಲ ಎಂದು ಕೇಂದ್ರ ಸರ್ಕಾರ ತನ್ನ ಅನುದಾನಕ್ಕೆ ಷರತ್ತು ಹಾಕಿದ್ದು 2015ರಲ್ಲಿ. ಶುದ್ಧ, ಅಶುದ್ಧ! ಈ ಮಾತುಗಳನ್ನು ಇಷ್ಟು ದೂರದಲ್ಲಿ ಕೇಳಿದಾಗಲೂ ನಮ್ಮ ಕಿವಿ ನಿಮಿರುತ್ತದೆ.

6

ಮದ್ದನ್ನು ನಿಲ್ಲಿಸಿದರೆ ಏನಾಗುತ್ತದೆ? ವಾಷಿಂಗ್ಟನ್ ರಾಜ್ಯದ ಜೈಲುಗಳಿಂದ ಬಿಡುಗಡೆಯಾದ 30,000ಕ್ಕೂ ಹೆಚ್ಚು ಜನರ ಬಗ್ಗೆ 2007ರಲ್ಲಿ ಒಂದು ಅಧ್ಯಯನ ಹೊರಬಂತು. ಹೊರಬಂದ ಮೊದಲ ಎರಡು ವಾರಗಳಲ್ಲಿ, ಅವರು ಮಾದಕವಸ್ತು ಅತಿಯಾಗಿ ಸಾಯುವ ಸಂಭವ ಸಾಮಾನ್ಯ ಜನರಿಗಿಂತ 129 ಪಟ್ಟು ಹೆಚ್ಚಿತ್ತು. ಜೈಲಿನೊಳಗೆ ಮೈ ತನ್ನ ತಾಳಿಕೆಯನ್ನು ಕಳೆದುಕೊಂಡಿರುತ್ತದೆ. ಬಯಕೆ ಮಾತ್ರ ಹಾಗೇ ಉಳಿದಿರುತ್ತದೆ. ಹಳೆಯ ಅಳತೆಯಲ್ಲೇ ಚುಚ್ಚಿಕೊಂಡವನ ಉಸಿರು ನಿಂತುಹೋಗುತ್ತದೆ. ಬಿಡುಗಡೆಯ ಬಾಗಿಲೇ ಸಾವಿನ ಬಾಗಿಲಾಗುತ್ತದೆ ಅನ್ನೋದು ಇಲ್ಲಿ ಅಲಂಕಾರದ ಮಾತಲ್ಲ.

ಇದಕ್ಕೆ ಉಪಾಯ ಇದೆ. 2016ರಲ್ಲಿ ರೋಡ್‌ಐಲೆಂಡ್ ಎಂಬ ಪುಟ್ಟ ರಾಜ್ಯ ತನ್ನ ಜೈಲುಗಳಲ್ಲಿ ಬೇಕಾದವರಿಗೆ ಮೆಥಡೋನ್, ಬ್ಯುಪ್ರೆನಾರ್ಫಿನ್, ನಾಲ್ಟ್ರೆಕ್ಸೋನ್ ಮೂರನ್ನೂ ಕೊಟ್ಟು, ಹೊರಗೆ ಹೋದ ಮೇಲೂ ಮದ್ದು ತಪ್ಪದಂತೆ ಏರ್ಪಾಡು ಮಾಡಿತು. 2016ರ ಮೊದಲ ಆರು ತಿಂಗಳಲ್ಲಿ ಹೀಗೆ ಸತ್ತವರಲ್ಲಿ ಜೈಲಿನಿಂದ ಆಗಷ್ಟೇ ಬಂದವರು 26 ಜನ ಇದ್ದರು. ಮರುವರ್ಷದ ಅದೇ ಆರು ತಿಂಗಳಲ್ಲಿ 9 ಜನ. ಅಟಿಕಾದ ಜನ ಕೇಳಿದ್ದು ಇದನ್ನೇ; ಕೇಳಿ 45 ವರ್ಷ ಆಗಿತ್ತು. ಈ ನಡುವೆ ಸತ್ತವರ ಲೆಕ್ಕವನ್ನು ಯಾರು ಕೊಡಬೇಕು?

ಆದ್ದರಿಂದ ಈ ಚರಿತ್ರೆಯಿಂದ ನಾನು ತೆಗೆಯುವ ತೀರ್ಮಾನ ಇಷ್ಟು. ಮದ್ದು ಶತ್ರುವಲ್ಲ. ಪ್ರಭುತ್ವದ ಮೇಲಿನ ನ್ಯಾಯವಾದ ಸಿಟ್ಟಿನಲ್ಲಿ ಮದ್ದನ್ನೇ ಗುಲಾಮಗಿರಿ ಅಂದುಬಿಟ್ಟರೆ ಸಾಯೋರು ನಮ್ಮವರೇ. ಆದರೆ ಮದ್ದಿನ ಪೆಟ್ಟಿಗೆಯ ಬೀಗದ ಕೈ ಯಾರ ಸೊಂಟದಲ್ಲಿದೆ ಅನ್ನೋದನ್ನು ಕೇಳದೆ ಬಿಡುವಂತಿಲ್ಲ. ಲೆಕ್ಸಿಂಗ್ಟನ್ನಿನಲ್ಲಿ ಅದು ವಿಜ್ಞಾನಿಯ ಸೊಂಟದಲ್ಲಿತ್ತು, ಡ್ರಗ್ ಕೋರ್ಟಿನಲ್ಲಿ ನ್ಯಾಯಾಧೀಶರ ಸೊಂಟದಲ್ಲಿದೆ. ಲಿಂಕನ್ನಿನಲ್ಲಿ ಮಾತ್ರ ಎಂಟು ವರ್ಷ ಅದು ಬೀದಿಯ ಜನರ ಕೈಯಲ್ಲಿತ್ತು.

7

ಇದರಿಂದ ದಲಿತ ವಿಮರ್ಶೆಗೆ ಏನಾಗಬೇಕು ಅಂತ ಕೇಳಬಹುದು. ಮೊದಲು ನಮ್ಮ ಜೈಲುಗಳನ್ನು ನೋಡಿ. 2011ರ ಜನಗಣತಿಯ ಪ್ರಕಾರ ಪರಿಶಿಷ್ಟ ಜಾತಿಯವರು ದೇಶದ ಜನಸಂಖ್ಯೆಯಲ್ಲಿ ನೂರಕ್ಕೆ 16.6. ಜೈಲಿನಲ್ಲಿ ಐದರಲ್ಲೊಬ್ಬರು. ಜೈಲು ಕೈಪಿಡಿಗಳು ಜಾತಿ ನೋಡಿ ಅಡುಗೆಯನ್ನೂ ಕಸಗುಡಿಸುವುದನ್ನೂ ಹಂಚುತ್ತಿದ್ದುದನ್ನು ಸುಪ್ರೀಂ ಕೋರ್ಟು ಸಂವಿಧಾನಬಾಹಿರ ಅಂದದ್ದು 2024ರ ಅಕ್ಟೋಬರಿನಲ್ಲಿ. 1985ರ ಮಾದಕವಸ್ತು ಕಾಯಿದೆಯ 39ನೇ ಕಲಂ, ಚಟಸ್ಥನನ್ನು ಶಿಕ್ಷೆಗೆ ಬದಲು ಚಿಕಿತ್ಸೆಗೆ ಕಳಿಸಬಹುದು ಅನ್ನುತ್ತದೆ. 64ಎ ಕಲಂ, ತಾನಾಗಿ ಚಿಕಿತ್ಸೆಗೆ ಬಂದು ಪೂರೈಸಿದವನ ಮೇಲೆ ಮೊಕದ್ದಮೆ ಬೇಡ ಅನ್ನುತ್ತದೆ. ಕಾಗದದ ಮೇಲೆ ಅಟಿಕಾದ ಬೇಡಿಕೆ ಇಲ್ಲಿ ಅರ್ಧ ಈಡೇರಿದೆ. ಆದರೆ ಈ ಕಲಮುಗಳ ಹೆಸರು ಹೇಳಲು ವಕೀಲ ಬೇಕು, ವಕೀಲನಿಗೆ ದುಡ್ಡು ಬೇಕು.

ಇನ್ನು ನಮ್ಮ ಕೇರಿಗಳನ್ನು ತಿಂದದ್ದು ಹೆರಾಯಿನ್ ಅಲ್ಲ, ಸಾರಾಯಿ. ಅದು ಈ ಕಾಯಿದೆಗೆ ಸೇರೋದೇ ಇಲ್ಲ. ಅದು ಸರ್ಕಾರದ ವರಮಾನ. ಕರ್ನಾಟಕದಲ್ಲಿ 2007ರ ಜುಲೈನಲ್ಲಿ ಸಾರಾಯಿ ನಿಂತಿತು, ಅದರ ಜಾಗಕ್ಕೆ ಅಗ್ಗದ ವಿಸ್ಕಿ, ಬ್ರಾಂದಿಯ ಪೊಟ್ಟಣ ಬಂತು. ವರ್ಷಗಟ್ಟಲೆ ದಿನಾ ಕುಡಿದವನನ್ನು ಒಂದು ದಿನ ಲಾಕಪ್ಪಿಗೆ ಹಾಕಿದರೆ ಎರಡು ಮೂರು ದಿನಕ್ಕೆ ಕೈ ನಡುಗುತ್ತದೆ, ಇಲ್ಲದ್ದು ಕಾಣತೊಡಗುತ್ತದೆ, ಫಿಟ್ಸ್ ಬರುತ್ತದೆ, ನೋಡಿಕೊಳ್ಳದಿದ್ದರೆ ಪ್ರಾಣವೇ ಹೋಗಬಹುದು. ಡಾಕ್ಟರಿಗೆ ಇದು ಪಾಠದ ಪುಸ್ತಕದ ವಿಷಯ. ಸುಲಭವಾಗಿ ಸಿಗುವ ಔಷಧಿಯಿಂದ ತಡೆಯಬಹುದಾದ ಸಾವು. ಪೇದೆಗೆ ಮಾತ್ರ ಅದು ಕುಡುಕನ ನಾಟಕ.

ಸಾಹಿತ್ಯಕ್ಕೆ ಬಂದರೆ, ನಮ್ಮ ಕಥೆ ಕಾದಂಬರಿಗಳ ಕುಡುಕನನ್ನು ವಿಮರ್ಶೆ ಎರಡೇ ರೀತಿ ಓದಿದೆ. ಮೇಲಿನಿಂದ ನೋಡಿದವರಿಗೆ ಅವನು ಕೆಟ್ಟವನು, ಉದ್ಧಾರ ಮಾಡಬೇಕಾದವನು. ಅದಕ್ಕೆ ಎದುರು ನಿಂತ ನಮ್ಮವರಿಗೆ ಹೆಂಡ ಸಂಸ್ಕೃತಿ, ಸಂಭ್ರಮ, ವೈದಿಕಶಾಹಿಗೆ ಸೆಡ್ಡು. ಹಬ್ಬದ ಹೆಂಡದಲ್ಲಿ ಸಂಭ್ರಮ ಇದೆ, ನಿಜ. ಆದರೆ ಬಿಡಬೇಕು ಅಂದುಕೊಂಡು ಬಿಡಲಾಗದೆ ನರಳುವವನು ಈ ಎರಡು ಓದಿನಲ್ಲೂ ಇಲ್ಲ. ಅವನು ಏನು ಕೇಳುತ್ತಿದ್ದಾನೆ ಅಂತ ನಾವು ಕಿವಿಗೊಟ್ಟಿಲ್ಲ. ಮಾಲ್ಕಂ ಎಕ್ಸ್ ಆತ್ಮಕತೆ ನಮ್ಮಲ್ಲಿ ಬಹಳ ಮೆಚ್ಚುಗೆ ಪಡೆದ ಪುಸ್ತಕ. ಅದರಲ್ಲಿ ಜೈಲಿನ ಪುಸ್ತಕಾಲಯದ ಭಾಗವನ್ನು ಎಲ್ಲರೂ ನೆನೆಯುತ್ತಾರೆ. ಹಾರ್ಲೆಂನ ಚಟಸ್ಥರನ್ನು, ಹಿಂದೆ ಚಟಸ್ಥರಾಗಿದ್ದವರೇ ಹಗಲು ರಾತ್ರಿ ಪಕ್ಕದಲ್ಲಿ ಕೂತು ಬಿಡಿಸುತ್ತಿದ್ದ ಕ್ರಮವನ್ನು ಮಾಲ್ಕಂ ವಿವರವಾಗಿ ಬರೆದಿರುವುದನ್ನು ಯಾರು ನೆನೆಯುತ್ತಾರೆ? ನಮ್ಮ ದಲಿತ ಸಂಘರ್ಷ ಸಮಿತಿ ಹೆಂಡ ಬೇಡ, ವಸತಿಶಾಲೆ ಬೇಕು ಅಂದಾಗಲೂ ಒಳಗಿನಿಂದ ಹುಟ್ಟಿದ ಇಂಥದೇ ಒಂದು ಕೇಳಿಕೆ ಅದರಲ್ಲಿತ್ತು. ಕೇರಿಯ ಮಕ್ಕಳಿಗೆ ಏನು ಬೇಕೆಂದು ಕೇರಿಯೇ ಹೇಳಿತ್ತು. ಈಗಾಗಲೇ ಕುಡಿತಕ್ಕೆ ಸಿಕ್ಕ ಅಪ್ಪನಿಗೆ ಏನು ಬೇಕು ಅನ್ನೋದು ಮಾತ್ರ ಉಳಿದುಹೋಯಿತು.

ಜೇಮ್ಸ್ ಬಾಲ್ಡ್‌ವಿನ್ 1957ರಲ್ಲಿ ‘ಸನ್ನೀಸ್ ಬ್ಲೂಸ್’ ಎಂಬ ಕಥೆ ಬರೆದರು. ಹೆರಾಯಿನ್ ಮೊಕದ್ದಮೆಯಲ್ಲಿ ಜೈಲಿಗೆ ಹೋದ ತಮ್ಮ, ಓದಿ ಮೇಷ್ಟ್ರಾಗಿ ಮರ್ಯಾದೆಯಿಂದ ಬದುಕುತ್ತಿರುವ ಅಣ್ಣ. ತಮ್ಮ ಸಿಕ್ಕಿಬಿದ್ದದ್ದು ಅಣ್ಣನಿಗೆ ತಿಳಿಯೋದು ಪೇಪರು ಓದಿ. ತನ್ನ ಮಗಳು ಸಾಯುವವರೆಗೂ ಆ ಅಣ್ಣ ಜೈಲಿಗೆ ಒಂದು ಸಾಲು ಕಾಗದ ಬರೆಯುವುದಿಲ್ಲ. ಹಾರ್ಲೆಂನ ಮರ್ಯಾದಸ್ಥರು ಯಾಕೆ ಕಠಿಣ ಶಿಕ್ಷೆ ಕೇಳಿದರು ಅನ್ನೋದಕ್ಕೆ ಈ ಅಣ್ಣನ ಮೌನದಲ್ಲಿ ಉತ್ತರ ಇದೆ. ಮೇಲೆ ಬಂದವನಿಗೆ ಕೆಳಗೆ ಬಿದ್ದವನ ಮುಖ ನೋಡಲು ಹೆದರಿಕೆ. ಎಲ್ಲಿ ತನ್ನನ್ನೂ ಅವನ ಜೊತೆ ಸೇರಿಸಿ ಎಣಿಸಿಬಿಡುತ್ತಾರೋ ಅಂತ.

ಇಂದು ದಲಿತ ವಿಮರ್ಶೆ ಬರೆಯುತ್ತಿರುವವರು ಬಹುಪಾಲು ಮೇಷ್ಟ್ರುಗಳು. ಓದಿ ಮೇಲೆ ಬಂದ ಅಣ್ಣಂದಿರು, ಅಕ್ಕಂದಿರು. ನಮ್ಮ ವಿಮರ್ಶೆಯಲ್ಲಿ ಅವಮಾನಕ್ಕೆ ಭಾಷೆ ಇದೆ, ಸಿಟ್ಟಿಗೆ ಭಾಷೆ ಇದೆ, ಹೆಮ್ಮೆಗೂ ಈಗ ಭಾಷೆ ಬಂದಿದೆ. ಜೈಲಿನಲ್ಲಿ ಕೈ ನಡುಗುತ್ತಾ ಕೂತು ಮದ್ದು ಕೇಳುತ್ತಿರುವ ತಮ್ಮನಿಗೆ ಕಾಗದ ಬರೆಯಲು ಇನ್ನೂ ಭಾಷೆ ಬಂದಿಲ್ಲ. ಅಟಿಕಾದ ಕೈದಿಗಳು ಬಂದೂಕಿನ ಎದುರು ಕೂತು ಹುಡುಕಿಕೊಂಡ ಭಾಷೆ ಅದು. ಪ್ಯಾಂಥರ್‌ಗಳಿಂದ ಹೆಸರನ್ನು ತಂದುಕೊಂಡಿದ್ದಾಯಿತು, ಇದನ್ನು ತಂದುಕೊಳ್ಳೋದು ಯಾವಾಗ?